ಹುಣಸಿ ಗಿಡದ ಪಡುವಲಕ ಹನ್ನೊಂದು ಹೆಜ್ಜಿ

ಎಲ್ಲ ತಕರಾರು ಶುರುವಾದದ್ದು ಒಂದು ಉದ್ದನೆಯ ರಟ್ಟಿನ ಡಬ್ಬಿಯಿಂದ. ಅದು ಬೈಲಹೊಂಗಲದಿಂದ ಕೊರಿಯರಿನವನ ಬೈಕಿನ ಮೇಲೆ ಅಡ್ಡ ಮಲಗಿ ದೊಡವಾಡಕ್ಕೆ ಬಂದಾಗ ಮುಂಜಾನೆ ಎಂಟು ಗಂಟೆ. ನಿಜಗುಣಪ್ಪ ತಲಬಾಗಿಲ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಕೂತು ಕುಡಗೋಲಿನಿಂದ ಡಬ್ಬಿ ಸೀಳಿದ. ಒಳಗಿಂದ ಒಂದು ಕೋಲು ಬಂತು. ಕೋಲಿನ ತುದಿಗೆ ಊಟದ ತಾಟಿನಷ್ಟು ದುಂಡನೆಯ ಕರಿ ಬಿಲ್ಲೆ, ಹಿಡಿಕೆಯ ಹತ್ತಿರ ಕೆಂಪು ದೀಪದ ಸಣ್ಣ ಪೆಟ್ಟಿಗೆ.

ಹೆಂಡತಿ ರಾಚವ್ವ ಜೋಳದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಇದೇನ್ರಿ? ಕಡಲಿ ಕಿತ್ತ ಮ್ಯಾಲ ಹುಳಕ್ಕ ಎಣ್ಣಿ ಹೊಡಿಯೂ ಮಶೀನ ತರಿಸೀರೇನು?"

"ಎಣ್ಣಿ ಹೊಡಿಯೂದಲ್ಲ. ನೆಲದಾಗಿನ ಹಳೇ ನಾಣ್ಯಾ ಹುಡುಕೂದು. ನಾಣ್ಯಾ ಇದ್ದಲ್ಲಿ ಹಿಡದ್ರ ಕುಂಯ್ ಅಂತೈತಿ."

"ಮನ್ಯಾಗಿನ ರೊಕ್ಕಾ ಕೊಟ್ಟು ನೆಲದಾಗಿನ ರೊಕ್ಕಾ ಹುಡುಕೂದು. ಶಾಣ್ಯಾರು ಬಿಡ್ರಿ ನೀವು!"

ನಿಜಗುಣಪ್ಪ ಇಂಥ ಮಾತಿಗೆ ಜಗ್ಗುವ ಪೈಕಿ ಅಲ್ಲ. ಸಂಶಯ ಅನ್ನುವುದು ಆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದಿಲ್ಲ. ಇವತ್ತು ಮಳೆ ಬರುತ್ತದೆ ಅಂದರೆ ಬರುತ್ತದೆ. ಬರದಿದ್ದರೆ ತಪ್ಪು ಮಳೆಯದು. ಒಂದು ತಿಂಗಳಿಂದ ಅವನು ಮೊಬೈಲಿನಲ್ಲಿ ನೋಡಿದ್ದೆಲ್ಲ ಒಂದೇ: ಯಾವುದೋ ದೇಶದ ಟೊಪ್ಪಿಗೆಯ ಮುದುಕರು ಇಂಥದೇ ಕೋಲು ಹಿಡಿದು ಹೊಲ ಸುತ್ತುವುದು, ಅದು ಕೂಗಿದಲ್ಲಿ ಅಗೆಯುವುದು, ಬೆಳ್ಳಿ ನಾಣ್ಯ ತೆಗೆದು ಹಲ್ಲು ಕಿರಿಯುವುದು. ಆ ಮುದುಕರಿಗೆ ಸಿಕ್ಕದ್ದು ತನಗೆ ಸಿಗದೆ ಇರುತ್ತದೆಯೇ?

"ನಮ್ಮ ಮುತ್ತಜ್ಜನ ಅಜ್ಜ ಕಿತ್ತೂರ ಸಂಸ್ಥಾನದಾಗ ಖಜಾನಿ ಕಾಯತಿದ್ದ," ಅಂದ. "ಕಿತ್ತೂರ ಬಿದ್ದ ದಿನ ಒಂದ ಗಡಿಗಿ ನಾಣ್ಯಾ ತಂದು ನಮ್ಮ ಹೊಲದಾಗ ಹುಗದಾನ."

"ಯಾರ ಹೇಳಿದ್ರು ನಿಮಗ?"

"ಯಾರ ಹೇಳಬೇಕ? ನಾನ ವಿಚಾರ ಮಾಡಿ ತಿಳಕೊಂಡೇನಿ. ನಮ್ಮವ್ವ ಸಾಯೂ ಮುಂದ ನಿನಗ ಏನ ಹೇಳಿದ್ಲು, ನೆನಪ ಮಾಡ್ಕೋ."

ರಾಚವ್ವನಿಗೆ ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಅತ್ತೆ ಕೊನೆಯ ಸಲ ಕೈ ಹಿಡಿದು ಹೇಳಿದ್ದು ಒಂದೇ ಮಾತು. "ಹುಣಸಿ ಗಿಡದ ಪಡುವಲಕ ಯಾರಿಗೂ ಅಗಿಯಾಕ ಬಿಡಬ್ಯಾಡ. ಅಲ್ಲೆ ಬಣವಿ ಒಟ್ಟಿಸು, ಬರೀ ನೆಲಾ ಬಿಡಬ್ಯಾಡ." ಇಪ್ಪತ್ತೆರಡು ವರ್ಷದಿಂದ ಮೇವಿನ ಬಣವಿ ಅಲ್ಲೇ ಕೂತಿತ್ತು. ಈ ವರ್ಷ ಮೇವು ಬೇಗ ತೀರಿ ಆ ಜಾಗ ಮೊದಲ ಸಲ ಬಿಸಿಲು ಕಂಡಿತ್ತು.

"ಅಗೀಬ್ಯಾಡ್ರಿ ಅಂತ ಹೇಳ್ಯಾರ್ರಿ ಅವರು!"

"ಅದನ್ನ ನಾನೂ ಹೇಳಾಕ ಹತ್ತೇನಿ! ಏನೂ ಇಲ್ಲದ ಜಾಗಾ ಅಗೀಬ್ಯಾಡ ಅಂತ ಯಾರರ ಹೇಳತಾರೇನು?"

ಈಗ ಆ ಗಿಡದ ಸಂಗತಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಿಜಗುಣಪ್ಪನ ಅಜ್ಜ ಬಸಲಿಂಗಪ್ಪ, ಪಕ್ಕದ ಹೊಲದ ಶಟ್ಟೆಪ್ಪನ ಅಜ್ಜ ಅಮೋಘಸಿದ್ದಪ್ಪ, ಇಬ್ಬರೂ ಒಡಹುಟ್ಟಿದವರು. ಹಿಂದೆ ಬಾಯಿಮಾತಿನಲ್ಲೇ ವಾಟ್ನಿ ಮಾಡಿಕೊಂಡು ಹೊಲ ಎರಡು ಪಾಲು ಮಾಡಿದರು. ಪಡುವಲ ಪಾಲು ಬಸಲಿಂಗಪ್ಪನಿಗೆ, ಮೂಡಲ ಪಾಲು ಅಮೋಘಸಿದ್ದಪ್ಪನಿಗೆ. ಗಡಿಗೆಂದು ನಡುವೆ ನೆಟ್ಟಿದ್ದ ಬಾಂದಗಲ್ಲು ಯಾವಾಗಲೋ ಕಾಣೆಯಾಯಿತು. ಈಗಿರುವ ಬದು ಹುಣಸಿ ಗಿಡದ ಮೂಡಲಿಗಿದೆ, ಆದ್ದರಿಂದ ಗಿಡ ನಮ್ಮದು ಅನ್ನುತ್ತಾನೆ ನಿಜಗುಣಪ್ಪ. ಬದು ಸರಿದು ಬಂದಿದೆ, ಗಿಡ ನಮ್ಮದು ಅನ್ನುತ್ತಾನೆ ಶಟ್ಟೆಪ್ಪ. ಮೋಜಣಿ ಮಾಡಿಸೋಣ ಅಂದರೆ ನಕಾಶೆಯಲ್ಲಿ ಎರಡೂ ಪಾಲು ಒಂದೇ ನಂಬರು. ಮೇಲಾಗಿ ಅಳೆಯುವವರು ಬಂದರೆ ಯಾರದು ಎಷ್ಟು ಹೋಗುತ್ತದೋ ಅಂತ ಇಬ್ಬರಿಗೂ ಒಳಗೊಳಗೇ ಅಂಜಿಕೆ. ಹೋದ ವರ್ಷ ಊರ ಹಿರಿಯರು ನಾಲ್ಕನೇ ಸಲ ಕೂತು ಹೊತ್ತು ಮುಳುಗುವ ತನಕ ಚಹಾ ಕುಡಿದು ಒಂದು ಕಾಗದ ಬರೆಸಿದರು. ಬಾಂದದ ಗುರುತು ಸಿಗುವ ತನಕ ಗಿಡ ನಿಜಗುಣಪ್ಪನದು, ಸಿಕ್ಕ ದಿನ ಗುರುತು ಹೇಳಿದಂತೆ.

ಗಿಡ ಅಂದರೆ ಬರೀ ಗಿಡವಲ್ಲ. ಎರಡು ಎತ್ತಿನ ಗಾಡಿ ಒಟ್ಟಿಗೆ ನಿಲ್ಲುವಷ್ಟು ನೆರಳು. ನಿಜಗುಣಪ್ಪ ಮಧ್ಯಾಹ್ನ ರೊಟ್ಟಿ ತಿಂದು ಮಲಗುವುದು ಅದರ ಬುಡಕ್ಕೇ. ರಾಚವ್ವ ಅದರ ಕಾಯಿ ಕುಟ್ಟಿ ಮಾಡುವ ತೊಕ್ಕು ಸವದತ್ತಿಯ ತವರಿಗೂ ರಾಮದುರ್ಗದ ಮಗಳ ಮನೆಗೂ ಭರಣಿಗಟ್ಟಲೆ ಹೋಗುತ್ತದೆ. ಆ ಗಿಡ ಹೋದರೆ ತನ್ನ ಕೈ ಮುರಿದಂತೆ ಅಂತ ಅವಳೇ ಎಷ್ಟೋ ಸಲ ಹೇಳಿದ್ದಾಳೆ.

ನಿಜಗುಣಪ್ಪ ಮೊದಲು ಮಶೀನನ್ನು ಹಿತ್ತಲಲ್ಲಿ ಪರೀಕ್ಷೆ ಮಾಡಿದ. ಒಗೆಯುವ ಕಲ್ಲಿನ ಹತ್ತಿರ ಹಿಡಿದ ಕೂಡಲೇ ಕುಂಯ್ ಅಂತು. ಅಗೆದರೆ ಅವನದೇ ಪ್ಯಾಂಟಿನ ಮೂರು ಹುಕ್ಕು, ಎರಡು ಕಬ್ಬಿಣದ ಗುಂಡಿ ಸಿಕ್ಕವು. ಆ ಕಲ್ಲಿನ ನೆತ್ತಿಯ ಮೇಲೆ ಉದ್ದಕ್ಕೊಂದು ಗೆರೆ ಕೊರೆದಿತ್ತು. ಬಟ್ಟೆ ಕುಕ್ಕುವಾಗ ಗುಂಡಿಗಳು ಅದಕ್ಕೆ ಸಿಕ್ಕಿ ಹಾರುತ್ತಿದ್ದವು.

"ನೋಡಿದಿ? ನೆಲದಾಗಿಂದು ಹೆಂಗ ಹುಡುಕತೈತಿ!"

"ಗುಂಡಿ ಎಲ್ಲಿ ಹೋದ್ವು ಅಂತ ನನ್ನ ಕೇಳಿದ್ರ ಹೇಳತಿದ್ನೆಲ್ಲ," ಅಂದಳು ರಾಚವ್ವ.

ಹೊಲಕ್ಕೆ ಹೊರಟವನನ್ನು ಓಣಿ ಸುಮ್ಮನೆ ಬಿಡಲಿಲ್ಲ. ಮೂರನೇ ಮನೆಯ ಪದ್ಮವ್ವ ರಸ್ತೆಗೇ ಇಳಿದು ಅಡ್ಡ ನಿಂತಳು. "ಏ ನಿಜಗುಣಪ್ಪಾ, ನನ್ನ ಮೂಗುತಿ ಕಳದು ಏಳ ವರ್ಷ ಆತು. ಒಂದೀಟ ನಮ್ಮ ಮನ್ಯಾಗ ಆಡಿಸಿ ಹೋಗೋ ಯಪ್ಪಾ."

ಅವಳ ಹೊಸ್ತಿಲು ದಾಟುವಾಗಲೇ ಮಶೀನು ಕುಂಯ್ಯೋ ಅಂತ ಕೂಗಿತು. ಪದ್ಮವ್ವನ ಗಂಡ ಹಾರೆ ಹುಡುಕಲು ಓಡಿದ. ಪದ್ಮವ್ವನ ಅತ್ತೆ ಹೊಸ್ತಿಲ ಮೇಲೆ ಅಡ್ಡ ಮಲಗಿಬಿಟ್ಟಳು. "ನನ್ನ ಹೆಣದ ಮ್ಯಾಲ ಅಗೀರಿ! ಬಾಗಿಲ ಕುಂಡ್ರಿಸಿದಾಗ ಬುಡಕ ನಾಣ್ಯಾ ಇಟ್ಟು ಪೂಜಿ ಮಾಡೇವಿ, ಅದನ್ನ ಕೀಳತೀರೇನ ಮೂಳಗೋಳ್ರ್ಯಾ?" ಆಗ ಎಲ್ಲರಿಗೂ ನೆನಪಾಯಿತು. ಬಾಗಿಲು ಕೂರಿಸುವಾಗ ಬುಡದಲ್ಲಿ ನಾಣ್ಯ ಇಡದ ಮನೆ ಆ ಓಣಿಯಲ್ಲಿ ಒಂದೂ ಇರಲಿಲ್ಲ. ಮಶೀನು ಆರು ಮನೆಯ ಹೊಸ್ತಿಲಲ್ಲಿ ಆರು ಸಲ ಕೂಗಿತು. ಮೂಗುತಿ ಸಿಗಲಿಲ್ಲ. ಆದರೆ ಮಶೀನು ಸುಳ್ಳು ಹೇಳುವುದಿಲ್ಲ ಅನ್ನುವುದು ಓಣಿಗೆ ಪಕ್ಕಾ ಆಯಿತು. ನಾಳೆ ನಮ್ಮ ಹಿತ್ತಲಕ್ಕೆ ಬಾ, ನಾಡಿದ್ದು ನಮ್ಮ ಹೊಲಕ್ಕೆ ಬಾ ಅಂತ ಕರೆಯುವವರು ಒಬ್ಬರಾದ ಮೇಲೆ ಒಬ್ಬರು. ಇಪ್ಪತ್ತು ಮಂದಿಯಂತೂ ಅವನ ಬೆನ್ನಿಗೇ ಹೊಲಕ್ಕೆ ಬಂದರು.

ದಾರಿಯಲ್ಲಿ ತ್ರ್ಯಂಬಕ ಮಾಸ್ತರರ ಮನೆ. ನಿವೃತ್ತರಾಗಿ ಹದಿನೈದು ವರ್ಷವಾದರೂ ಊರಿನ ಕಾಗದ ಪತ್ರವೆಲ್ಲ ಅವರ ಕೈಯಿಂದಲೇ ಆಗಬೇಕು. ಹಿರಿಯರ ಕಾಗದ ಬರೆದವರೂ ಅವರೇ.

"ನಿಜಗುಣಪ್ಪಾ, ನೆಲದಾಗ ಸಿಕ್ಕ ನಿಧಿ ಸರ್ಕಾರದ್ದು. ಮುಚ್ಚಿ ಇಟ್ಟರ ಜೇಲು," ಅಂದರು ಮಾಸ್ತರರು.

"ಮುಚ್ಚಿ ಇಡೂ ಮಂದಿ ನಾವಲ್ರಿ ಸರ. ನೀವ ಬರ್ರಿ, ನಿಂತ ಪಂಚನಾಮೆ ಬರೀರಿ. ಎಲ್ಲಿ ಸಿಕ್ತು, ಹೆಂಗ ಸಿಕ್ತು, ಒಂದಕ್ಷರ ಬಿಡಬ್ಯಾಡ್ರಿ. ಸರ್ಕಾರ ಇಟಗೊಳ್ಳಲಿ, ಆದ್ರ ನಮ್ಮ ಮನಿತನದ ಹೆಸರಿನ ಮ್ಯಾಲ ಇಟಗೊಳ್ಳಲಿ."

ಮಾಸ್ತರರು ರಟ್ಟು, ಕಾಗದ, ಛತ್ರಿ ಹಿಡಿದು ಹೊರಟರು.

ಹೊಲ ಮುಟ್ಟಿದಾಗ ಶಟ್ಟೆಪ್ಪ ಬದುವಿನ ಆಚೆ ತನ್ನ ಎತ್ತಿಗೆ ನೀರು ಕುಡಿಸುತ್ತಿದ್ದ. ಅರವತ್ತು ದಾಟಿದ ಒಣಕಲು ಮನುಷ್ಯ, ಮಾತು ಕಡಿಮೆ, ನೋಟ ಜಾಸ್ತಿ.

"ಏನ ತಮ್ಮಾ, ಊರೆಲ್ಲಾ ಕರಕೊಂಡ ಬಂದೀಯಲ್ಲ?"

"ನೋಡಕೋತ ಇರು ಶಟ್ಟೆಪ್ಪಣ್ಣಾ. ನಮ್ಮ ಹಿರ್ಯಾರ ಏನ ಇಟ್ಟ ಹೋಗ್ಯಾರ ಅಂತ ಇವತ್ತ ಗೊತ್ತಾಗತೈತಿ."

ಆ ಮಾತು ನಿಜವಾಯಿತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲ ಕುಂಯ್‌ಗೆ ಎತ್ತಿನ ಕಾಲಿಗೆ ಬಡಿಯುವ ನಾಲು ಬಂತು. ಎರಡನೆಯದಕ್ಕೂ ನಾಲು. ಮೂರನೆಯದಕ್ಕೆ ಕಳೆ ತೆಗೆಯುವ ತುಕ್ಕು ಹಿಡಿದ ಕುರ್ಪಿ, ಅದು ತನ್ನದೇ ಅಂತ ರಾಚವ್ವ ಕಸಿದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ನಾಲು ಸಾಲಾಗಿ ಮಲಗಿದ್ದವು. ಮೂರು ತಲೆಮಾರಿನ ಎತ್ತುಗಳು ಅಲ್ಲಿ ಕಾಲು ಜಾಡಿಸಿ ಹೋದಂತಿತ್ತು. ಬಂದವರಲ್ಲಿ ಅರ್ಧ ಮಂದಿ ಆಕಳಿಸುತ್ತ ಎದ್ದರು.

"ನಾಲ ಬಡಿಯೂ ಅಂಗಡಿ ಹಾಕಬಹುದು ನೋಡ ತಮ್ಮಾ," ಅಂದ ಶಟ್ಟೆಪ್ಪ ಬದುವಿನ ಆಚೆಯಿಂದ.

ನಿಜಗುಣಪ್ಪನಿಗೆ ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಬಣವೆಯ ಜಾಗಕ್ಕೆ ಹೋದ. ರಾಚವ್ವ ರೊಟ್ಟಿಯ ಬುತ್ತಿ ಕೆಳಗಿಟ್ಟು ಕೈ ಮುಗಿದಳು. "ಬ್ಯಾಡ್ರಿ. ಅತ್ತಿ ಮಾತ ಮೀರಬ್ಯಾಡ್ರಿ. ನನಗ್ಯಾಕೋ ಎದಿ ಡವಡವ ಅಂತೈತಿ."

"ನಿಧಿ ಕಾಯೂ ಹಾವ ಬಂದ್ರ ಹಾಲ ಕುಡಿಸಿದ್ರಾತು. ಸರಿ ಅತ್ಲಾಗ."

ಮಶೀನು ಕೂಗಿತು. ಬರೀ ಕುಂಯ್ ಅಲ್ಲ, ಉಸಿರು ಬಿಡದೆ ಒಂದೇ ಸಮನೆ ಕೂಗಿತು. ಎದ್ದವರೆಲ್ಲ ಮತ್ತೆ ಕೂತರು, ಶಟ್ಟೆಪ್ಪ ಎತ್ತು ಬಿಟ್ಟು ಬದು ದಾಟಿ ಬಂದ. ನಿಜಗುಣಪ್ಪ ಗುದ್ದಲಿ ಹಾಕಿದ. ಒಂದು ಗೇಣಿಗೆ ಎರಿ ಮಣ್ಣು ಮುಗಿದು ಕರ್ರಗೆ ಇದ್ದಲಿ ಕಾಣಿಸಿತು, ಹಿಡಿ ಹಿಡಿಯಾಗಿ.

"ಇದ್ದಲಿ ಯಾಕ ಬಂತೋ?" ಅಂದರು ಮಾಸ್ತರರು.

"ಯಾಕಂದ್ರ? ಕಿತ್ತೂರಿಗೆ ಬೆಂಕಿ ಬಿದ್ದಿರಬೇಕಲ್ರಿ! ಖಜಾನಿ ಜೋಡಿ ಸುಟ್ಟ ತೊಲೀನೂ ಬಂದಾವ. ಬರಕೋರಿ ಸರ, ಇದ್ದಲಿ ಅಂತ ಬರಕೋರಿ."

ಇದ್ದಲಿಯ ಕೆಳಗೆ ಮುಷ್ಟಿಯಷ್ಟು ಮಣ್ಣಿನ ಕುಡಿಕೆ. ಕುಡಿಕೆಯೊಳಗೆ ಒಂದರ ಮೇಲೊಂದು ಹಸಿರು ಹಿಡಿದ ನಾಲ್ಕು ಬಿಲ್ಲೆ. ನಾಲ್ಕಕ್ಕೂ ನಡುವೆ ದುಂಡನೆಯ ತೂತು.

ಗದ್ದಲವೋ ಗದ್ದಲ. ಪದ್ಮವ್ವ ಗಲ್ಲ ಬಡಿದುಕೊಂಡಳು. ಯಾರೋ ಮೊಬೈಲು ಹಿಡಿದು ಮುರಗೋಡದ ಬೀಗರಿಗೆ ಕೂಗಿ ಹೇಳತೊಡಗಿದರು. ನಿಜಗುಣಪ್ಪನ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ಐವತ್ತೆರಡು ವರ್ಷದಲ್ಲಿ ಅವನು ಹೇಳಿದ್ದು ಹೇಳಿದ ಜಾಗದಲ್ಲಿ ಸಿಕ್ಕದ್ದು ಇದೇ ಮೊದಲು. ಆ ಖುಷಿ ಅವನಿಗೇ ತಡೆಯಲಾಗಲಿಲ್ಲ.

"ಈ ತೂತು?" ಅಂದ ಶಟ್ಟೆಪ್ಪ.

"ಕಾವಲಗಾರ ದಾರಕ್ಕ ಪೋಣಿಸಿ ಸೊಂಟಕ್ಕ ಕಟಗೋತಿದ್ರು. ಬರೀರಿ ಸರ! ಹುಣಸಿ ಗಿಡದ ಬೊಡ್ಡಿಯಿಂದ ಪಡುವಲಕ... ಏ ಶಟ್ಟೆಪ್ಪಣ್ಣಾ, ನೀನ ಹೆಜ್ಜಿ ಹಾಕು. ನಾಳೆ ನನ್ನ ಹೊಲದಾಗ ಸಿಕ್ಕಾವು ಅಂತ ತಂಟೆ ತಗದ್ರ ನಾ ಕೇಳಾಂವಲ್ಲ."

ಶಟ್ಟೆಪ್ಪ ಗಿಡದ ಬೊಡ್ಡೆಗೆ ಹಿಮ್ಮಡಿ ಹಚ್ಚಿ ಹೆಜ್ಜೆ ಹಾಕಿದ. ಸರಿಯಾಗಿ ಹನ್ನೊಂದು. ಮಾಸ್ತರರು ದುಂಡಗೆ ಬರೆದರು: ಪಡುವಲಕ್ಕೆ ಹನ್ನೊಂದು ಹೆಜ್ಜೆ, ಇದ್ದಲಿ, ಕುಡಿಕೆ, ನಾಲ್ಕು ನಾಣ್ಯ, ಹಿರಿಯರು ತಮ್ಮ ಕೈಯಾರೆ ಹುಗಿದದ್ದು, ಈ ಜಾಗದಿಂದ ಕದಲದೆ ಇದ್ದದ್ದು. ಕೊನೆಯ ಎರಡು ಮಾತು ಹೇಳಿ ಬರೆಸಿದವನು ನಿಜಗುಣಪ್ಪನೇ. ಮೊದಲು ತಾನು ಸಹಿ ಹಾಕಿದ, ಆಮೇಲೆ ಶಟ್ಟೆಪ್ಪನ ಕೈ ಹಿಡಿದು ಸಾಕ್ಷಿ ಹಾಕಿಸಿದ. ಬಂದವರಲ್ಲಿ ಹದಿನಾಲ್ಕು ಮಂದಿ ಕೇಳದೆಯೇ ಹಾಕಿದರು.

ಅಷ್ಟರಲ್ಲಿ ರಾಚವ್ವ ಒಂದು ನಾಣ್ಯವನ್ನು ಎತ್ತಿಕೊಂಡು, ಗಿಡದ ಕೆಳಗೆ ಬಿದ್ದಿದ್ದ ಹಣ್ಣು ಹಿಸುಕಿ ಉಜ್ಜಲು ಕೂತಿದ್ದಳು. ತಾಮ್ರದ ಕೊಡ ತಿಕ್ಕಿ ತಿಕ್ಕಿ ಪಳಗಿದ ಕೈ.

"ತಿಕ್ಕಬ್ಯಾಡ, ಬೆಲಿ ಹೋಗತೈತಿ!" ಅಂತ ನಿಜಗುಣಪ್ಪ ಕೂಗುವುದರೊಳಗೆ ಹಸಿರು ಹೋಗಿ ನಾಣ್ಯ ಕೆಂಪಗೆ ಹೊಳೆಯಿತು. ಮಾಸ್ತರರು ಚಷ್ಮಾ ಏರಿಸಿ ನೋಡಿದರು.

"ನಿಜಗುಣಪ್ಪಾ, ಇದರ ಮ್ಯಾಲ ಇಂಗ್ಲೀಷಿನ್ಯಾಗ ಸಾವಿರದ ಒಂಬೈನೂರಾ ನಲವತ್ನಾಕು ಅಂತ ಅದ. ಕಿತ್ತೂರು ಬಿದ್ದು ಆಗ ನೂರಾ ಇಪ್ಪತ್ತು ವರ್ಷ ಆಗಿತ್ತು."

ಬೇರೆಯವನಾಗಿದ್ದರೆ ಅಲ್ಲಿಗೇ ಸುಮ್ಮನಾಗುತ್ತಿದ್ದ. ಆದರೆ ನಿಜಗುಣಪ್ಪನ ಹಟ ನಿಮಗೆ ಗೊತ್ತೇ ಇದೆ. "ಖಜಾನಿ ಇನ್ನೂ ಕೆಳಗ ಐತ್ರಿ. ಇವು ಗುರುತಿಗೆ ಅಂತ ಮ್ಯಾಲ ಇಟ್ಟಾವು. ಹಳೇ ಮಂದೀನ ಕೇಳೂಣು. ಗುರವ್ವಾಯಿನ್ನ ಕರಕೊಂಡ ಬರ್ರಿ, ನನ್ನ ಟ್ರ್ಯಾಕ್ಟರ್ ತಗೊಂಡ ಹೋಗ್ರಿ!"

ಗುರವ್ವ ಅಂದರೆ ಇಬ್ಬರ ಅಜ್ಜಂದಿರ ಕಡೆಯ ತಂಗಿ. ತೊಂಬತ್ತು ದಾಟಿದ್ದಾಳೆ, ಕಿವಿ ಕಣ್ಣು ಎರಡೂ ನೆಟ್ಟಗಿವೆ, ಹಲ್ಲು ಮಾತ್ರ ಇಲ್ಲ. ನಾಲ್ಕು ಮಂದಿ ಅವಳನ್ನು ಖುರ್ಚಿಯ ಸಮೇತ ಟ್ರ್ಯಾಕ್ಟರಿನಿಂದ ಇಳಿಸಿ ಕುಣಿಯ ಮುಂದೆ ಕೂರಿಸಿದರು.

"ಆಯಿ, ನಮ್ಮ ಹಿರ್ಯಾರ ಇಟ್ಟದ್ದು ಸಿಕ್ಕೈತಿ. ಎಲ್ಲಾರಿಗೂ ಕೇಳೂವಂಗ ಹೇಳು, ಇದು ಯಾವ ಕಾಲದ್ದು?"

ಮುದುಕಿ ಕುಣಿ ನೋಡಿದಳು. ಇದ್ದಲಿ ನೋಡಿದಳು. ನಾಣ್ಯ ಎಣಿಸಿದಳು.

"ಉಪ್ಪು ಎಲ್ಲೈತೋ?"

"ಯಾವ ಉಪ್ಪು ಆಯಿ?"

"ನಾ ಉಡ್ಯಾಗ ತಂದ ಉಪ್ಪು. ಕರಗಿ ಹೋತೇನೋ ಏನೋ." ಅವಳು ಬೊಚ್ಚು ಬಾಯಲ್ಲಿ ನಕ್ಕಳು. "ನಾ ಹನ್ನೆರಡು ವರ್ಷದಾಕಿ. ಅಣ್ಣಗೋಳು ವಾಟ್ನಿ ಮಾಡ್ಕೊಂಡ್ರು. ಬಾಂದಗಲ್ಲ ನಡೂ ಮುಂದ ಬುಡಕ ಇದ್ದಲಿ, ಉಪ್ಪು, ದೊಡ್ಡಣ್ಣಾಂದ ಎರಡು ಸಣ್ಣಣ್ಣಾಂದ ಎರಡು ದುಡ್ಡು ಹಾಕಿದ್ರು. ಕಲ್ಲ ಕದ್ದ್ರೂ ಇದ್ದಲಿ ಕೊಳೆಂಗಿಲ್ಲಾ, ನೆಲಾ ಸಾಕ್ಷಿ ಹೇಳತೈತಿ ಅಂತಿದ್ದ ನಮ್ಮಪ್ಪ. ಇಲ್ಲಿಂದ ಮೂಡಲಕ ಅಮೋಘಸಿದ್ದಣ್ಣಾಂದು, ಪಡುವಲಕ ಬಸಲಿಂಗಣ್ಣಾಂದು."

ಎಲ್ಲರೂ ಮೂಡಲಿಗೆ ತಿರುಗಿ ನೋಡಿದರು. ಹುಣಸಿ ಗಿಡ ಕುಣಿಯ ಮೂಡಲಿಗೆ ಹನ್ನೊಂದು ಹೆಜ್ಜೆ ದೂರ ನಿಂತಿತ್ತು.

"ಆಯಿ," ಅಂದ ನಿಜಗುಣಪ್ಪ. "ಹಂಗಾರ ಆ ಕಲ್ಲ ಎಲ್ಲಿ ಹೋತು?"

"ನಿಮ್ಮಜ್ಜ ಒಂದಿನಾ ಗಾಡ್ಯಾಗ ಹಾಕ್ಕೊಂಡ ಹ್ವಾದ. ನೆತ್ತಿ ಮ್ಯಾಲ ಉದ್ದಕ ಗೆರಿ ಕೊರದ ಕಲ್ಲು. ಅರಬಿ ಒಗಿಯಾಕ ಚಲೋ ಆಕ್ಕೈತಿ ಅಂದ."

ರಾಚವ್ವ ಗಂಡನ ಅಂಗಿಯನ್ನೇ ನೋಡಿದಳು. ಮೇಲಿಂದ ಎರಡನೆಯ ಗುಂಡಿ ಒಗೆಯುವ ಕಲ್ಲಿನ ಗೆರೆಯ ಪಾಲಾಗಿ ವಾರವಾಗಿತ್ತು.

"ಇಷ್ಟ ವರ್ಷ ಯಾಕ ಹೇಳಲಿಲ್ಲಬೇ ನೀನು?" ಅಂತ ನಿಜಗುಣಪ್ಪ ಇನ್ನೇನು ಅತ್ತೇಬಿಡುವವನಂತೆ ಕೇಳಿದ. "ಹಿರ್ಯಾರ ನಾಕ ಸಲ ಕುಂತ್ರಲ್ಲ!"

"ಕುಂತವರೆಲ್ಲಾ ಗಂಡಸರು. ಹೆಣಮಕ್ಕಳನ್ನ ಬಾಂದದ ಮಾತ ಯಾರ ಕೇಳತಾರ? ನಿಮ್ಮವ್ವಗೂ ಗೊತ್ತಿತ್ತು. ಪಾಪ, ಮಗನ ಹೊಟ್ಟಿ ನೋಡಿ ಬಣವಿ ಒಟ್ಟಿ ಮುಚ್ಚಿ ಇಟ್ಲು. ಇವತ್ತ ನೀ ಕೇಳಿದಿ, ನಾ ಹೇಳಿದೆ."

ಮಾಸ್ತರರು ಚೀಲದಿಂದ ಹೋದ ವರ್ಷದ ಕಾಗದ ತೆಗೆದರು. ಅದನ್ನು ಓದುವ ಅಗತ್ಯವಿರಲಿಲ್ಲ, ಆದರೂ ಗಟ್ಟಿಯಾಗಿ ಓದಿದರು. ಆಮೇಲೆ ಇವತ್ತಿನದನ್ನೂ ಓದಿದರು: ಹಿರಿಯರು ತಮ್ಮ ಕೈಯಾರೆ ಹುಗಿದದ್ದು, ಈ ಜಾಗದಿಂದ ಕದಲದೆ ಇದ್ದದ್ದು, ಸಹಿ ನಿಜಗುಣಪ್ಪ. "ಇಷ್ಟು ಪಕ್ಕಾ ಕಾಗದ ನನ್ನ ಸರ್ವೀಸಿನ್ಯಾಗ ನಾ ಬರದಿಲ್ಲ," ಅಂದರು.

ಶಟ್ಟೆಪ್ಪ ನಕ್ಕಿದ್ದರೆ ನಿಜಗುಣಪ್ಪ ತಡೆದುಕೊಳ್ಳುತ್ತಿದ್ದ. ಶಟ್ಟೆಪ್ಪ ನಗಲಿಲ್ಲ, ಹೆಗಲ ಮೇಲೆ ಕೈ ಇಟ್ಟ. "ತಮ್ಮಾ, ಮೂವತ್ತ ವರ್ಷ ನಾ ಹುಡುಕಿದ್ದು ನೀ ಒಂದ ದಿನದಾಗ ಹುಡುಕಿ ಕೊಟ್ಟಿ. ನಿನ್ನ ಉಪಕಾರ ಮರಿಯೂದಿಲ್ಲ. ಗಿಡದ ಬುಡಕ ನೀ ಮಲಗೂದ ಮಲಗು, ನಾ ಏನ ಬ್ಯಾಡ ಅನ್ನಂಗಿಲ್ಲ."

ಆ ಮಾತು ಕೇಳಿ ನಿಜಗುಣಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರಾಚವ್ವ ಗಿಡದ ಬೊಡ್ಡೆಗೆ ಕೈ ಹಚ್ಚಿ ನಿಂತಿದ್ದಳು. ಉಡಿಯಲ್ಲಿ ಆರಿಸಿಟ್ಟುಕೊಂಡಿದ್ದ ಹುಣಸೆಹಣ್ಣನ್ನು ಒಂದೊಂದಾಗಿ ಕೆಳಗೆ ಹಾಕಿದಳು.

ಹೊತ್ತು ಇಳಿಯುವ ಮುಂಚೆ ಒಗೆಯುವ ಕಲ್ಲು ನಿಜಗುಣಪ್ಪನ ಟ್ರ್ಯಾಕ್ಟರಿನಲ್ಲೇ ಹೊಲಕ್ಕೆ ಬಂತು. ಹೊಸ ಇದ್ದಲಿ, ಹೊಸ ಉಪ್ಪು, ಅವೇ ನಾಲ್ಕು ನಾಣ್ಯ, ಮೇಲೆ ಕಲ್ಲು. ಮುಂಜಾನೆಯಿಂದ ಹುಡುಕಿದ ಹಳೇ ನಾಣ್ಯ ಮತ್ತೆ ನೆಲ ಸೇರಿತು. ಹೊರಡುವಾಗ ಶಟ್ಟೆಪ್ಪ ಹಿಂದಿನಿಂದ ಕೂಗಿದ. "ತಮ್ಮಾ, ಬಡಗಲ ತುದಿಗೂ ಇಂಥಾದ ಒಂದ ಗೆರಿ ಕಲ್ಲ ಇತ್ತಂತ ಆಯಿ ಹೇಳಾಕ ಹತ್ತ್ಯಾಳ. ನಾಳೆ ಮುಂಜಾನೆ ಮಶೀನ ತಗೊಂಡ ಬಾ, ಅದನ್ನೂ ನೋಡಿ ಬಿಡೂಣು."

ಓಣಿಗೆ ಬಂದರೆ, ಮುಂಜಾನೆ ಕೈ ಹಿಡಿದು ಎಳೆದವರ ಬಾಗಿಲೆಲ್ಲ ಮುಚ್ಚಿದ್ದವು. ಪದ್ಮವ್ವ ಕಿಟಕಿಯಿಂದಲೇ ಹೇಳಿದಳು. "ಮೂಗುತಿ ಸಿಕ್ಕೈತಿ ಬಿಡಪಾ, ನೀ ಬರಬ್ಯಾಡ." ಅವಳ ಹಿತ್ತಲಿನಿಂದ ಭಾರದ ಕಲ್ಲು ಉರುಳಿಸುವ ಸದ್ದು ಬರುತ್ತಿತ್ತು. ಅದರಾಚೆಯ ಮನೆಯಿಂದಲೂ ಅದೇ ಸದ್ದು. ಯಾರ ಯಾರ ಒಗೆಯುವ ಕಲ್ಲಿನ ನೆತ್ತಿಯ ಮೇಲೆ ಏನೇನಿತ್ತೋ, ಅಂತೂ ಆ ಸಂಜೆ ಎಲ್ಲವೂ ಬೋರಲು ಬಿದ್ದವು.

ನಿಜಗುಣಪ್ಪ ಮನೆ ಮುಂದೆ ಚಪ್ಪಲಿ ಬಿಟ್ಟು ಕಲ್ಲಿನ ಮೆಟ್ಟಿಲ ಮೇಲೆ ಕಾಲಿಟ್ಟ. ಅಂಗಾಲಿಗೆ ಏನೋ ತಾಗಿತು. ಹುಟ್ಟಿದಾಗಿನಿಂದ ತುಳಿದ ಮೆಟ್ಟಿಲನ್ನು ಅವನು ಮೊದಲ ಸಲ ಬಗ್ಗಿ ನೋಡಿದ. ನಟ್ಟ ನಡುವೆ, ಉದ್ದಕ್ಕೆ, ಒಂದು ಗೆರೆ.

ಮೆಲ್ಲಗೆ ಎರಡೂ ಚಪ್ಪಲಿ ಎತ್ತಿ ಆ ಗೆರೆಯ ಮೇಲಿಟ್ಟ. ಒಳಗಿನಿಂದ ರಾಚವ್ವ ಕೇಳಿದಳು. "ಶಟ್ಟೆಪ್ಪಣ್ಣ ಕರದಾರಲ್ಲ, ನಾಳೆ ಎಷ್ಟಕ್ಕ ಹೋಗತೀರಿ?"

"ಎಲ್ಲಿ ಹೋಗೂದು? ಮಶೀನ ಕೆಟ್ಟೈತಿ," ಅಂದ ನಿಜಗುಣಪ್ಪ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಅವನು ಹೊಸ್ತಿಲು ದಾಟಿದ. ಹೆಗಲಿನಿಂದ ಜೋತುಬಿದ್ದಿದ್ದ ಮಶೀನು ಹೊಸ್ತಿಲ ಬುಡದ ನಾಣ್ಯ ಕಂಡು ಓಣಿಗೆಲ್ಲ ಕೇಳುವಂತೆ ಕುಂಯ್ ಅಂತು.